ಗಾದಿ ಅಂಗಡಿಯ ಹನ್ನೆರಡು ಪಿಟೀಲು

ಬೆಳಗಿನ ಐದೂವರೆ. ಗಜೇಂದ್ರಗಡದ ಕಾಶೀಂಸಾಬರ ಗಾದಿ ಅಂಗಡಿಯಲ್ಲಿ ಹತ್ತಿಯ ಮೂಟೆಗಳ ನಡುವೆ ಕುಳಿತು ಸಂಗನಬಸವ ಪಿಟೀಲಿನ ಕಮಾನಿಗೆ ರಾಳ ತಿಕ್ಕುತ್ತಿದ್ದಾರೆ. ಹತ್ತಿ ಸದ್ದು ನುಂಗುತ್ತದೆ. ಹಾಡು ರೆಕಾರ್ಡ್ ಮಾಡಲು ಊರಿನಲ್ಲಿ ಇದಕ್ಕಿಂತ ಒಳ್ಳೆಯ ಕೋಣೆಯಿಲ್ಲ. ಏಳಕ್ಕೆ ಪಕ್ಕದ ಮಗ್ಗಗಳು ಶುರುವಾಗುತ್ತವೆ. ಅಷ್ಟರೊಳಗೆ ಮುಗಿಯಬೇಕು.

ಅರವತ್ತೆಂಟರ ಸಂಗನಬಸವ ನರೇಗಲ್ಲಿನವರು. ಇಪ್ಪತ್ತಾರು ವರ್ಷ ನಾಟಕ ಕಂಪನಿಯಲ್ಲಿ ಪಿಟೀಲು ನುಡಿಸಿದರು. ಕಂಪನಿ ಮುಚ್ಚಿದ ಮೇಲೆ ಹಿಟ್ಟಿನ ಗಿರಣಿ. ದಿನಕ್ಕೆ ಮೂರು ಕ್ವಿಂಟಲ್ ಜೋಳ ಬೀಸುತ್ತಾರೆ. ಗಿರಣಿಗೆ ಹೋಗುವ ಮುನ್ನ ಒಂದು ತಾಸು ಪಿಟೀಲು, ಇಂದಿಗೂ ತಪ್ಪಿಲ್ಲ.

"ನಾಟಕದಾಗ ನಾಯಕಿ ಅತ್ತರ ಮಂದಿ ಅಳತಿದ್ರು. ಅಳಸಿದಾವ್ರು ನಾವ್ರಿ, ಕೆಳಗ ಕುಂತು," ಎಂದು ನಗುತ್ತಾರೆ.

ಈಗಿನ ಹಾಡು ನಾಜಮೀನಳದು. ಬಟ್ಟೆ ಹೊಲಿಯುತ್ತ ಮೊಬೈಲಿನಲ್ಲಿ ಅಮೆರಿಕದ ಹಳೆಯ ‘ಸೋಲ್’ ಶೈಲಿಯ ಗೀತೆಗಳನ್ನು ಕೇಳುವ ಹುಡುಗಿ. ಅವುಗಳಲ್ಲಿ ಮುಂದೆ ಒಂದೇ ದನಿ ಎದೆ ಬಿಚ್ಚುತ್ತದೆ, ಹಿಂದೆ ಪಿಟೀಲುಗಳ ದಂಡೇ ಏಳುತ್ತದೆ. ಅಂಥದೇ ಕನ್ನಡ ಹಾಡೊಂದನ್ನು ಕಟ್ಟಿದ್ದಾಳೆ. ಸಿಕ್ಕ ಪಿಟೀಲು ಮಾತ್ರ ಒಂದೇ. ಹಾಗಾಗಿ ಸಂಗನಬಸವ ಒಂದೇ ಸಾಲನ್ನು ಹನ್ನೆರಡು ಸಲ ನುಡಿಸಬೇಕು, ಅವನ್ನೆಲ್ಲ ಕೂಡಿಸಬೇಕು.

ನಿನ್ನೆ ನುಡಿಸಿದರು. ಹನ್ನೆರಡು ಸಲವೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಅದೇ ತಪ್ಪಾಯಿತು.

"ಕಾಕಾ, ಹನ್ನೆರಡು ಮಂದಿ ನುಡಿಸಿದಂಗ ಕೇಳವಲ್ದು. ಒಬ್ಬಾವನ ಜೋರಾಗಿ ಒದರಿದಂಗ ಐತ್ರಿ," ಎಂದಳು ನಾಜಮೀನ. "ನಾಳಿ ಮುಂಜಾನಿಗೂ ಆಗಲಿಲ್ಲಂದ್ರ ಕೀಬೋರ್ಡಿನ ಪಿಟೀಲ ಹಚ್ತೀನ್ರಿ. ಸಂಜಿಗೆ ಹಾಡು ಹೊರಗ ಬರಬೇಕು."

"ಮಷಿನ್ನಿಗೆ ಚಾ ಕುಡಸೂದೂ ಬ್ಯಾಡ ನೋಡ ಸಂಗಣ್ಣಾ," ಎಂದು ಕಾಶೀಂಸಾಬ ಕೆಣಕಿದರು.

"ನೀ ಗಾದಿ ಹೊಲಿ. ನಾಳಿ ನಾಕು ಗಾದಿ ಬೇಕು ನನಗ."

ಆ ನಾಲ್ಕು ಗಾದಿಗಳು ಇಂದು ಸಾಲಾಗಿ ಹಾಸಿವೆ. ಕಂಪನಿಯಲ್ಲಿ ಪಿಟೀಲಿನ ನಾಲ್ವರು ಕೂರುತ್ತಿದ್ದುದು ಹೀಗೆಯೇ. ಮೊದಲನೆಯದರಲ್ಲಿ ಕುಳಿತು ಜೊತೆಗಾರ ಅಲ್ಲಾವುದ್ದೀನರಂತೆ ಕಮಾನನ್ನು ತುಸು ತಡವಾಗಿ ಎಳೆಯುತ್ತಾರೆ. ಎರಡನೆಯದರಲ್ಲಿ ಕೊಟ್ರೇಶರಂತೆ ಸ್ವರವನ್ನು ಕೆಳಗಿನಿಂದ ಜಾರಿಸಿ ಹಿಡಿಯುತ್ತಾರೆ. ಮೂರನೆಯದರಲ್ಲಿ ಗುರುಸಂಗಪ್ಪನವರಂತೆ ಕಮಾನನ್ನು ತಂತಿಗೆ ಒತ್ತಿ ಎಳೆಯುತ್ತಾರೆ. ಆ ಮೂವರೂ ಈಗಿಲ್ಲ. ಕೊನೆಯ ಗಾದಿಯಲ್ಲಿ ತಾವು ತಾವಾಗಿಯೇ. ಒಬ್ಬೊಬ್ಬರದು ಮೂರು ಸಲ.

"ಅವರ ತಪ್ಪೆಲ್ಲಾ ನನಗ ಬಾಯಿಪಾಠ ಅದಾವ್ರಿ."

ಹನ್ನೆರಡನೆಯದು ಮುಗಿದಾಗ ಏಳಕ್ಕೆ ಹತ್ತು ನಿಮಿಷ. ನಾಜಮೀನ ಎಲ್ಲವನ್ನೂ ಕೂಡಿಸಿ ಕೇಳಿಸುತ್ತಾಳೆ. ಅವಳ ದನಿಯ ಹಿಂದೆ ದಂಡು ಏಳುತ್ತದೆ. ಕಾಶೀಂಸಾಬರ ಕೈಯ ದಬ್ಬಣ ನಿಲ್ಲುತ್ತದೆ.

"ತಡಾ ಮಾಡಿ ಬರಾಕತ್ತಾನಲ್ಲ, ನಮ್ಮ ಅಲ್ಲಾವುದ್ದೀನನ ಅಲ್ಲೇನೋ ಇಂವಾ?"

ಸಂಗನಬಸವ ಹೌದೆಂದು ತಲೆಯಾಡಿಸುತ್ತಾರೆ.

"ಹಾಡಿನ ಕೆಳಗ ‘ಪಿಟೀಲು: ಸಂಗನಬಸವ’ ಅಂತ ಹೆಸರ ಹಾಕ್ತೀನ್ರಿ ಕಾಕಾ," ಎನ್ನುತ್ತಾಳೆ ನಾಜಮೀನ.

ಗಿರಣಿಗೆ ಹೊತ್ತಾಗಿದೆ. ಅವರು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕುತ್ತಾರೆ.

"ನಾಕೂ ಹೆಸರ ಹಾಕ ಯವ್ವಾ. ನಂದು ಕಡೀಕ ಇರಲಿ. ನಾ ಕೂಡತಿದ್ದದ್ದೂ ಅಲ್ಲೇ."