ಸೀಕಾಕಸ್‌ನಲ್ಲಿ ಇಸ್ಫಹಾನಿನ ಉಪಚಾರ

ಇರಾನಿನ ಇಸ್ಫಹಾನ್ ಸುತ್ತಿ ಬಂದಮೇಲೆ ಅಲ್ಲಿನ ಉಪಚಾರವೆಲ್ಲ ನನಗೆ ಕರಗತ ಅಂದುಕೊಂಡೇ ಓಡಾಡುತ್ತಿದ್ದೆ. ಅಲ್ಲಿ ಮಸೀದಿಯಿರಲಿ, ಚಹಾದಂಗಡಿಯಿರಲಿ, ಬಾಗಿಲಲ್ಲಿ ಎರಡು ಮೂರು ಸಲ "ನೀವು ಮೊದಲು" ಅನ್ನದೆ ಯಾರೂ ಒಳಗೆ ಕಾಲಿಡುವುದಿಲ್ಲ.

ಮೊನ್ನೆ ಬೆಳಿಗ್ಗೆ ಆಫೀಸಿಗೆ ಹೋಗುತ್ತಾ ಸೀಕಾಕಸ್ ಸ್ಟೇಷನ್ನಿನಲ್ಲಿ ಮ್ಯಾನ್‌ಹಟನ್ ರೈಲಿಗೆ ಬದಲಿಸಲು ನಿಂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಫೋನಿನಲ್ಲಿದ್ದ ಇಸ್ಫಹಾನಿನ ಸೇತುವೆಯ ಫೋಟೋ ನೋಡಿ, "ಅದು ನಮ್ಮೂರು!" ಅಂದರು. ಊರು ನೋಡಿ ಎಷ್ಟೋ ವರ್ಷವಾಗಿತ್ತಂತೆ.

"ಸೇತುವೆ ಕೆಳಗೆ ಕೂತು ಈಗಲೂ ಹಾಡ್ತಾರಾ?"

"ಹಾಡ್ತಾರೆ ಸರ್."

ಅಷ್ಟರಲ್ಲಿ ಮ್ಯಾನ್‌ಹಟನ್ ರೈಲು ಬಂತು. "ನೀವು ಮೊದಲು ಹತ್ತಿ ಸರ್," ಅಂದೆ.

"ಎಲ್ಲಾದರೂ ಉಂಟೆ! ನೀವು."

"ನೀವು ಹಿರಿಯರು."

"ನೀವು ನಮ್ಮೂರಿಗೆ ಹೋಗಿಬಂದ ಅತಿಥಿ!"

ಹಿಂದಿದ್ದವರು ಇಬ್ಬರನ್ನೂ ತಳ್ಳಿಕೊಂಡು ಹತ್ತಿದರು. ಬಾಗಿಲು ಮುಚ್ಚಿತು. ನನ್ನ ಬೆಳಗಿನ ಮೀಟಿಂಗ್ ಆ ರೈಲಿನಲ್ಲೇ ಹೊರಟುಹೋಯಿತು. ಅವರೋ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹೀಗೆ ರೈಲು ತಪ್ಪಿಸಿಕೊಂಡು ಎಷ್ಟು ಕಾಲವಾಗಿತ್ತು!"

ಮುಂದಿನ ರೈಲಿಗೆ ನಾನು ಹಿಂದೆಮುಂದೆ ನೋಡದೆ ಹತ್ತಿಬಿಟ್ಟೆ. ತಿರುಗಿದರೆ ಅವರಿನ್ನೂ ಪ್ಲಾಟ್‌ಫಾರ್ಮಿನಲ್ಲೇ ನಿಂತು, ಹಿಂದಿದ್ದ ಹೆಂಗಸಿಗೆ "ನೀವು ಮೊದಲು" ಅನ್ನುತ್ತಿದ್ದರು. ಕರಗತ ಅಂದರೆ ಅದು ನೋಡಿ.