ಪರಸ್ಥಳದವಳ ಕತ್ತರಿ

ಆ ಹೊಲಿಗೆ ಅಂಗಡಿಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ‘ಪರಸ್ಥಳ’ ಅಂತ. ಬೇರೆ ಊರು ಎಂದಷ್ಟೇ ಅರ್ಥ. ಈಗ ಯಾರೂ ಆಡದ ಮಾತು. ಅಂಗಡಿಯ ಮುದುಕ ಮಾಸ್ಟರ ಬಾಯಲ್ಲಿ ಮಾತ್ರ ಇನ್ನೂ ಗಟ್ಟಿಮುಟ್ಟಾಗಿತ್ತು. ಒಂದು ಥಾನಿನ, ಅಂದರೆ ಒಂದು ಸುರುಳಿಯ, ಬಟ್ಟೆಗೆ ಇನ್ನೊಂದು ಥಾನಿನ ತುಂಡು ಸೇರಿಕೊಂಡರೆ, “ಪರಸ್ಥಳ ಬಂತು, ಬಿಚ್ಚು” ಅನ್ನುತ್ತಿದ್ದರು. ಜೊತೆಯ ಗುಂಡಿಗಳಿಗೆ ಹೊಂದದ ಗುಂಡಿಯೂ ಪರಸ್ಥಳ. ಮದುವೆಯಾಗಿ ಆ ಊರಿಗೆ ಬಂದು ಗುಂಡಿಯ ತೂತಿಗೆ ಕಾಜಾ ಹಾಕಲು ಕೂತ ಇವಳೂ ಪರಸ್ಥಳ.

ಇವಳ ಮಗಳು ಹೈಸ್ಕೂಲು ಸೇರುವಷ್ಟು ವರ್ಷ ಕಳೆದರೂ ಇವಳಿಗೆ ಆ ಹೆಸರು ಹೋಗಲಿಲ್ಲ. ಅವಳು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ ಎಂದರೆ ಶುದ್ಧ ಸುಳ್ಳು. ಕರೆದಾಗಲೆಲ್ಲ ಮೈ ಉರಿಯುತ್ತಿತ್ತು. ಕತ್ತರಿ ಹಿಡಿದವರನ್ನು ಅಲ್ಲಿ ಮಾಸ್ಟರ್ ಅಂತಲೇ ಕರೆಯಬೇಕು, ಆದ್ದರಿಂದ ಅವಳ ಕಣ್ಣು ಕತ್ತರಿಯ ಮೇಲೆಯೇ ಇತ್ತು. ಮಾಸ್ಟರ ದೃಷ್ಟಿ ಮಂಜಾಗುತ್ತಿತ್ತು; ಕತ್ತರಿ ಅವರ ತಮ್ಮನ ಮಗನಿಗೇ ಎಂದು ಎಲ್ಲರೂ ತೀರ್ಮಾನ ಮಾಡಿಯಾಗಿತ್ತು.

“ಕಾಜಾ ಹಾಕ್ಕೊಂಡು ನೆಮ್ಮದಿಯಾಗಿ ಇರಬಾರದೇನೆ?” ಅಂದ ಗಂಡ.

“ನೆಮ್ಮದಿಯಾಗಿ ನೀವಿರಿ. ನನಗೆ ಕತ್ತರಿ ಬೇಕು.”

ಆಸ್ಪತ್ರೆಯೊಂದಕ್ಕೆ ನರ್ಸುಗಳ ನೀಲಿ ಕೋಟು ಹೊಲಿಯುವ ಕೆಲಸ ಬಂತು. ಕತ್ತರಿಸಿದ್ದು ತಮ್ಮನ ಮಗ. ಕಾಲರು, ಜೇಬಿಗೆ ಬರುವ ಹೊತ್ತಿಗೆ ಥಾನು ಮುಗಿಯಿತು. ಅದೇ ನೀಲಿಯ ಇನ್ನೊಂದು ಥಾನು ತೆಗೆದು ಪೂರೈಸಿದ. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ ತಾಯಿಯ ಮಕ್ಕಳು. ಅವಳು ಒಂದು ಕೋಟು ಎತ್ತಿಕೊಂಡು ಬೀದಿಗಿಳಿದಳು. ಬಿಸಿಲಿನಲ್ಲಿ ಕಾಲರು ಹಸಿರಾಗಿ ಹಲ್ಲು ಕಿರಿಯುತ್ತಿತ್ತು.

“ಯಾರು ನೋಡ್ತಾರೆ ಬಿಡು” ಎಂದ ತಮ್ಮನ ಮಗ.

“ಹಾಕ್ಕೊಂಡವರು ನೋಡ್ತಾರೆ.”

ಮಾಸ್ಟರು ಕೋಟನ್ನು ಬಿಸಿಲಲ್ಲಿ ಕಣ್ಣ ಹತ್ತಿರ ಹಿಡಿದು ನೋಡಿ ಕುಸಿದು ಕೂತರು. ಮೊದಲ ಥಾನಿನ ಆ ನೀಲಿ ಇನ್ನು ಎಲ್ಲೂ ಸಿಗುವಂತಿರಲಿಲ್ಲ.

“ಕಾಲರು, ಜೇಬು ಎಲ್ಲಾ ಬಿಚ್ಚೋಣ,” ಅಂದಳು. “ಬಿಳಿ ಬಟ್ಟೇಲಿ ಹಾಕೋಣ.”

“ಬಿಳೀದಾ? ಅದಕ್ಕಿಂತ ಪರಸ್ಥಳ ಇನ್ಯಾವುದಿದೆ?”

“ಹತ್ತಿರದ ಬಣ್ಣ ಆದ್ರೆ ತಪ್ಪು ಅಂತಾರೆ ಮಾಸ್ಟ್ರೇ. ದೂರದ್ದಾದ್ರೆ ಹೊಸ ಮಾದರಿ ಅಂತಾರೆ. ಹಾಕೋದಾದ್ರೆ ಧೈರ್ಯವಾಗಿ ಹಾಕಬೇಕು.”

ತಮ್ಮನ ಮಗ ಮುಖ ಊದಿಸಿಕೊಂಡು ಹೊರಗೆ ಹೋದ. “ಯಾರು ಕತ್ತರಿಸ್ತಾರೆ ಈಗ?” ಅಂದರು ಮಾಸ್ಟರು. ಅವಳು ಮೇಜಿನ ಮೇಲಿನ ಕತ್ತರಿ ಎತ್ತಿಕೊಂಡಳು. ಬಿಳಿ ಬಟ್ಟೆ ಹಾಸಿ, ನೀಲಿ ಸೀಮೆಸುಣ್ಣದ ಗೆರೆ ಎಳೆದು, ಮೊದಲ ಕಾಲರು ಕತ್ತರಿಸಿದಳು. ಆಮೇಲೆ ಕತ್ತರಿ ಸರಾಗವಾಗಿ ಓಡಿತು.

ಕೋಟುಗಳನ್ನು ಒಯ್ಯಲು ಬಂದ ಆಸ್ಪತ್ರೆಯ ಹಿರಿಯ ನರ್ಸಮ್ಮ ಒಂದನ್ನು ಹಾಕಿಕೊಂಡು ಬೀದಿಯಲ್ಲೇ ನಿಂತು, ಬಿಳಿ ಜೇಬಿಗೆ ಕೈ ಹಾಕಿ, “ಮುಂದಿನ ಸಲಾನೂ ಹೀಗೇ ಇರಲಿ” ಅಂದರು.

ಮರುದಿನ ಮಾಸ್ಟರು ತಾವಾಗಿಯೇ ಅವಳು ಕಾಜಾ ಹಾಕುತ್ತಿದ್ದ ಸ್ಟೂಲಿನ ಮೇಲೆ ಕೂತಿದ್ದರು. ಸೂಜಿಯ ಕಣ್ಣಿಗೆ ದಾರ ಹೋಗುತ್ತಿರಲಿಲ್ಲ.

“ಪರಸ್ಥಳಾ” ಎಂದು ಕರೆದರು.

ಅವಳು ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ಅವಳ ಕತ್ತರಿ ಬಟ್ಟೆಯ ಮೇಲೆ ತನ್ನ ಪಾಡಿಗೆ ಸಾಗುತ್ತಿತ್ತು. ಮುದುಕರು ಸೂಜಿಯನ್ನು ನೋಡಿದರು, ದಾರವನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

“ಮಾಸ್ಟ್ರೇ, ಇದಕ್ಕೆ ಸ್ವಲ್ಪ ದಾರ ಪೋಣಿಸಿಕೊಡಮ್ಮ.”

ಅವಳು ಕತ್ತರಿ ಕೆಳಗಿಟ್ಟು ಎದ್ದು ಬಂದಳು.