ರಸಮಟ್ಟನ ಬಲಗಣ್ಣು

ಆ ಬಡಗಿಗೆ ಬೀದಿಯವರು ಇಟ್ಟ ಹೆಸರು, ಗಾರೆಯವರು ಮಟ್ಟ ನೋಡುವ ಸಾಧನದ್ದು: ರಸಮಟ್ಟ. ಹಲಗೆಯ ತುದಿಯನ್ನು ಮುಖದ ಹತ್ತಿರ ಹಿಡಿದು, ಎಡಗಣ್ಣು ಮುಚ್ಚಿ, ಬಲಗಣ್ಣಿನಲ್ಲಿ ಅಂಚಿನುದ್ದಕ್ಕೂ ನೋಟ ಹಾಯಿಸಿ ಅವನು ‘ಸೊಟ್ಟ’ ಎಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಅಳತೆಪಟ್ಟಿ ಇಟ್ಟು ನೋಡುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅರವತ್ತು ದಾಟಿದ್ದೇ ತಡ, ಪ್ರಪಂಚ ಕೆಡತೊಡಗಿತು. ಪೇಪರಿನವರು ಶಾಯಿ ಉಳಿಸಲು ಸಾಲಿನ ನಡುವೆ ಅಕ್ಷರ ನುಂಗುತ್ತಿದ್ದರು. ಪಾಲಿಶ್ ಮಾರುವವನು ಬಣ್ಣಕ್ಕೆ ನೀರು ಬೆರೆಸುತ್ತಿದ್ದ. ಬಲ್ಬಿನ ಕಂಪನಿಯವರಂತೂ ಹಾಡಹಗಲೇ ಮೋಸಕ್ಕಿಳಿದಿದ್ದರು. ಎಷ್ಟು ದೊಡ್ಡ ಬಲ್ಬು ಹಾಕಿದರೂ ಕೋಣೆ ಮಬ್ಬು. ತನ್ನ ಕಣ್ಣೊಂದನ್ನು ಬಿಟ್ಟು ಉಳಿದ ಎಲ್ಲರನ್ನೂ ಅವನು ಬಾಯಿತುಂಬ ಬೈದ.

ಹೆಚ್ಚು ಬೈಸಿಕೊಂಡವನು ಹೆಂಡತಿಯ ತಮ್ಮ. ಮೀಸೆ ಚಿಗುರುವ ಮೊದಲೇ ಈ ಅಂಗಡಿಗೆ ಬಂದು ಉಳಿ ಹಿಡಿದವನು. ಈಗ ಅವನ ತಲೆಯೂ ನರೆತಿತ್ತು. ಅವನು ಉಜ್ಜುಗೊರಡು ಹಾಕಿ ನುಣುಪು ಮಾಡಿ ತಂದ ಹಲಗೆಗಳೆಲ್ಲ ಈಚೆಗೆ ನಡುವಿನಲ್ಲಿ ಹಾವು ಹರಿದಂತೆ ಕಾಣುತ್ತಿದ್ದವು. “ಮತ್ತೆ ಹೆರಿ” ಎಂದರೆ ಮತ್ತೆ ಹೆರೆಯುತ್ತಿದ್ದ. ಕಪಾಟಿನ ಬಾಗಿಲೊಂದು ಹೆರೆದು ಹೆರೆದು ರಟ್ಟಿನಷ್ಟು ತೆಳ್ಳಗಾದಾಗ ರಸಮಟ್ಟ ಗಿರಾಕಿಯ ಎದುರಿಗೇ ಅಂದುಬಿಟ್ಟ: “ಕಲಿಸಿದ್ದೆಲ್ಲ ಮಣ್ಣುಪಾಲು. ಕೈಲಾಗ್ದಿದ್ರೆ ಮನೇಲಿ ಬಿದ್ದಿರು!”

ಭಾವಮೈದುನ ಉಜ್ಜುಗೊರಡನ್ನು ಒರೆಸಿ ಬೆಂಚಿನ ಮೇಲಿಟ್ಟು ಹೋದ. ಮರುದಿನ ಬರಲಿಲ್ಲ. ಯಾವುದೋ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದಾನೆಂದು ಸುದ್ದಿ ಬಂತು. ಹೆಂಡತಿ ಮಾತು ಬಿಟ್ಟಳು. ರಸಮಟ್ಟ “ಹೋದ್ರೆ ಹೋಗ್ಲಿ” ಎಂದನೇನೋ ಸರಿ, ಆದರೆ ಊಟ ಸೇರಲಿಲ್ಲ. ಅವನಿಲ್ಲದೆ ಅಂಗಡಿ ನಡೆಯದೆಂಬುದು ಮೊದಲೇ ಗೊತ್ತಿತ್ತು. ಅವನಿಲ್ಲದೆ ತನಗೆ ದಿನ ನೂಕುವುದೂ ಕಷ್ಟವೆಂಬುದು ಆಮೇಲೆ ಗೊತ್ತಾಯಿತು.

ತಾನೇ ಹಲಗೆ ಹೆರೆದ. ಸೊಟ್ಟ. ಮತ್ತೆ ಹೆರೆದ. ಸೊಟ್ಟ. ಬೈಯಲು ಪಕ್ಕದಲ್ಲಿ ಯಾರೂ ಇರಲಿಲ್ಲ. ರೇಗಿಹೋಗಿ, ಮಾನ ಬಿಟ್ಟು, ಪೇಟೆಗೆ ಹೋಗಿ ಉಕ್ಕಿನ ಅಳತೆಪಟ್ಟಿಯನ್ನೇ ಕೊಂಡುತಂದ. ಹಿಡಿದು ನೋಡಿದರೆ ಅದೂ ಸೊಟ್ಟ!

“ಥೂ, ಉಕ್ಕಲ್ಲೂ ಕಳ್ಳತನ!”

ಬುತ್ತಿ ತಂದಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. “ಹೌದೌದು, ಲೋಕವೆಲ್ಲ ಸೊಟ್ಟ, ನೀವೊಬ್ರೇ ನೆಟ್ಟಗೆ. ಆ ಇನ್ನೊಂದು ಕಣ್ಣೇನು ಚೆಂದಕ್ಕಿದೆಯಾ? ಅದ್ರಲ್ಲೂ ನೋಡಿ ಒಂದ್ಸಲ.”

ಅವಳ ಬಾಯಿ ಮುಚ್ಚಿಸಲೆಂದೇ ಬಲಗಣ್ಣು ಮುಚ್ಚಿ ನೋಡಿದ. ಪಟ್ಟಿ ನೆಟ್ಟಗಿತ್ತು. ಕಣ್ಣು ಬದಲಿಸಿದ, ಬಗ್ಗಿತು. ಮತ್ತೆ ಬದಲಿಸಿದ, ನೆಟ್ಟಗಾಯಿತು. ಭಾವಮೈದುನ ಕೊನೆಗೆ ಹೆರೆದಿಟ್ಟಿದ್ದ ಹಲಗೆಯನ್ನು ಎಡಗಣ್ಣಿಗೆ ಹಿಡಿದ. ಅದೂ ನೆಟ್ಟಗಿತ್ತು. ಹೆಂಡತಿಯನ್ನು ಬಲಗಣ್ಣಿನಲ್ಲಿ ನೋಡಿದರೆ ಮೂಗಿರುವ ಜಾಗದಲ್ಲಿ ಮಸಿ ಮೆತ್ತಿದಂತಿತ್ತು. ಅವತ್ತೇ ಅವನು ಆಸ್ಪತ್ರೆಗೆ ಹೊರಟ.

ಕಣ್ಣಿನ ಡಾಕ್ಟರಮ್ಮ ಚೌಕಳಿ ಹಾಕಿದ ಹಾಳೆಯನ್ನು ಒಂದೊಂದೇ ಕಣ್ಣಿಗೆ ತೋರಿಸಿ, ಗೆರೆಗಳು ನೆಟ್ಟಗಿವೆಯೇ ಎಂದು ಕೇಳಿದರು. ಆಮೇಲೆ ಹೇಳಿದರು: “ವಯಸ್ಸಾದಂತೆ ಕೆಲವರಿಗೆ ಕಣ್ಣಿನೊಳಗಿನ ಪರದೆಯ ನಡುಭಾಗ ಹಾಳಾಗುತ್ತೆ. ನಿಮಗೆ ಎರಡೂ ಕಡೆ ಶುರುವಾಗಿದೆ, ಬಲಗಡೆ ಜಾಸ್ತಿ. ಎರಡೂ ಕಣ್ಣು ತೆರೆದಿದ್ರೆ ಒಂದರ ತಪ್ಪನ್ನ ಇನ್ನೊಂದು ಮುಚ್ಚಿಹಾಕುತ್ತೆ. ಗೆರೆ ಸೊಟ್ಟ ಕಂಡ ದಿನವೇ ಬರಬೇಕಿತ್ತು. ಪೂರ್ತಿ ಕೈಮೀರಿಲ್ಲ, ಕಣ್ಣಿಗೆ ಇಂಜೆಕ್ಷನ್ ಕೊಡೋಣ. ದಿನಾ ಈ ಹಾಳೇನ ಒಂದೊಂದೇ ಕಣ್ಣಲ್ಲಿ ನೋಡ್ತಾ ಇರಿ.”

ಆಸ್ಪತ್ರೆಯಿಂದ ಅವನು ನೇರವಾಗಿ ಭಾವಮೈದುನನ ಮನೆಗೆ ಹೋದ. ಹೊಸ್ತಿಲಲ್ಲೇ ನಿಂತು, ಅಳುಕು ನುಂಗಿಕೊಂಡು ಹೇಳಿದ: “ಹಲಗೆ ನೆಟ್ಟಗೇ ಇತ್ತು ಕಣೋ. ಕೆಟ್ಟಿದ್ದು ನನ್ನ ಕಣ್ಣು. ಸಿಟ್ಟು ಬಿಟ್ಟು ವಾಪಸ್ ಬಾ.”

“ಸಿಟ್ಟಾ? ನಿಮ್ಮ ಮೇಲಾ, ಭಾವ? ನನಗೆ ನೆಟ್ಟಗೆ ಕಾಣೋದು ನಿಮಗೆ ಸೊಟ್ಟ ಕಂಡ್ರೆ ನನ್ನ ಕಣ್ಣೇ ಹೋಗಿದೆ ಅಂದ್ಕೊಂಡೆ. ಡಾಕ್ಟರಿಗೆ ತೋರಿಸ್ದೆ, ಏನೂ ಆಗಿಲ್ಲ ಅಂದ್ರು. ಹಾಗಾದ್ರೆ ಕೈಯೇ ಹೋಗಿರ್ಬೇಕು ಅಂತ ಕೆಲ್ಸ ಬಿಟ್ಟೆ.”